ಸಾರ ಇಲ್ಲ ಅಂದರೆ ಎಷ್ಟು

ಕಾಸರಗೋಡಿನ ಆಸ್ಪತ್ರೆಗೆ ಹೋಗುವ ಬಸ್ಸು ಮೀಯಪದವು ಬಿಟ್ಟಲ್ಲಿಂದ ದಮಯಂತಿ ತನ್ನ ಹೆಸರನ್ನು ನಾಲ್ಕನೆಯ ಜಾಗದಲ್ಲಿಟ್ಟು ನೋಡುತ್ತಲೇ ಇದ್ದಳು. ನಿನ್ನೆ ಸಂಜೆ, ಡಾಕ್ಟರ ಸಂಶೋಧನೆಯ ಅಂಕಿಗಳನ್ನು ನೋಡಿಕೊಳ್ಳುವ ನಿಯಾಸ್, ಪ್ರಬಂಧ ಬರೆದವರ ಪಟ್ಟಿ ಇದ್ದ ಲ್ಯಾಪ್‌ಟಾಪನ್ನು ಅವಳ ಕಡೆಗೆ ತಿರುಗಿಸಿ, ‘ನೋಡಿ ಅಕ್ಕ’ ಎಂದಿದ್ದ. ಮೊದಲು ಡಾಕ್ಟರ್ ಹರಿನಾರಾಯಣರ ಹೆಸರು, ಆಮೇಲೆ ಅರಿವಳಿಕೆ ಕೊಡುವ ಡಾಕ್ಟರದು, ಮೂರನೆಯದು ನಿಯಾಸ್‌ನದು, ನಾಲ್ಕನೆಯದು ದಮಯಂತಿ ಎಂ. ಉಳಿದ ಮೂರು ಹೆಸರುಗಳ ಹಿಂದೆ ರೈಲಿನ ಬೋಗಿಗಳ ಹಾಗೆ ಪದವಿಯ ಅಕ್ಷರಗಳು. ಅವಳದರ ಹಿಂದೆ ಒಂದು ಚುಕ್ಕೆ ಮಾತ್ರ. ಅವಳು ಓದಿದಳು, ಕಣ್ಣು ತೆಗೆದಳು, ಮತ್ತೆ ಓದಿದಳು. ‘ತಪ್ಪಿಲ್ಲ ಅಲ್ಲವಾ ಸ್ಪೆಲ್ಲಿಂಗ್?’ ಎಂದು ನಿಯಾಸ್ ಕೇಳಿದಾಗ ಇಲ್ಲ ಎಂದು ತಲೆಯಾಡಿಸಿದ್ದಳು. ಶನಿವಾರ ಕೊಚ್ಚಿಯ ದೊಡ್ಡ ಹೋಟೆಲಿನಲ್ಲಿ, ಇನ್ನೂರು ಮುನ್ನೂರು ಡಾಕ್ಟರುಗಳ ಎದುರು, ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಈ ಹೆಸರು ಬೀಳುತ್ತದೆ. ಯಾರಾದರೂ ಎದ್ದು ನಿಂತು, ಈ ನಾಲ್ಕನೆಯವರು ಎಂತ ಕಲಿತದ್ದು ಎಂದು ಕೇಳಿದರೆ? ಶಾಲೆ ಬಿಟ್ಟವರು ದೊಡ್ಡವರಾದ ಮೇಲೆ ಬರೆಯುವ ಹತ್ತನೆಯ ತುಲ್ಯತಾ ಪರೀಕ್ಷೆ, ಆಮೇಲೆ ಪ್ಲಸ್ ಟು ತುಲ್ಯತಾ, ಎರಡೂ ಸಂಜೆಯ ಕ್ಲಾಸಿನಲ್ಲಿ, ಆಸ್ಪತ್ರೆಯ ನೆಲ ಒರಸಿದ ಕೈಯಲ್ಲಿ ಲೋಷನ್ನಿನ ವಾಸನೆ ಇರುವಾಗಲೇ. ಯಾರೂ ಕೇಳುವುದಿಲ್ಲ ಎಂದು ಗೊತ್ತಿದ್ದೂ ಅವಳು ಉಪ್ಪಳ ಬರುವವರೆಗೆ ಉತ್ತರವನ್ನು ಮೂರು ಬಗೆಯಲ್ಲಿ ಹೊಂದಿಸಿದಳು. ಬಸ್ಸು ಹೆದ್ದಾರಿಯ ಪಕ್ಕದ ಸರ್ವಿಸ್ ರಸ್ತೆಗಿಳಿದು ಗುಂಡಿಯೊಂದಕ್ಕೆ ಕುಕ್ಕಿತು. ಇಂಥ ಕಡೆಯಲ್ಲೆಲ್ಲ ಅವಳಿಗೆ ನೂರ ಅರುವತ್ತೆರಡು ಬೆನ್ನುಗಳು ಒಟ್ಟಿಗೆ ನೆನಪಾಗುತ್ತಿದ್ದವು.

ನೂರ ಅರುವತ್ತೆರಡು ಜನ. ಸೊಂಟದ ನರ ಒತ್ತಿಹೋಗಿ ಕಾಲೆಳೆದುಕೊಂಡು ಬಂದವರು. ಡಾಕ್ಟರು ಅವರ ಬೆನ್ನನ್ನು ಹಿಂದಿನ ಕಾಲದ ಹಾಗೆ ಉದ್ದಕ್ಕೆ ಬಿಚ್ಚುತ್ತಿರಲಿಲ್ಲ. ಹೆಬ್ಬೆರಳ ಅಗಲದ ಒಂದು ತೂತು, ಅದರೊಳಗೆ ಕೊಳವೆ, ಕೊಳವೆಯೊಳಗೆ ಕ್ಯಾಮೆರಾ. ಮರುದಿನ ರೋಗಿ ಎದ್ದು ನಡೆಯುತ್ತಿದ್ದ. ಅದಾಗಿ ಒಂದು ವರ್ಷಕ್ಕೆ ಸರಿಯಾಗಿ ಅವರಿಗೆ ಫೋನು ಮಾಡಿ ಈಗ ಹೇಗುಂಟು ಎಂದು ಕೇಳುವುದು ದಮಯಂತಿಯ ಕೆಲಸ. ‘ಫೋನಿನಲ್ಲಿ ನೋವು ಕೇಳಿದರೆ ಸಂಬಳ ಕೊಡ್ತಾರಂತೆ ನಿನಗೆ? ನನ್ನ ಮೊಣಗಂಟನ್ನೂ ಒಂದು ಕೇಳು ಮಾರಾಯ್ತಿ’ ಎಂದು ನೆರೆಯವರು ತಮಾಷೆ ಮಾಡುತ್ತಿದ್ದರು. ಕೇಳುವುದಕ್ಕೆ ಎರಡು ದಾರಿಗಳಿದ್ದವು. ಒಂದು ನಂಬರು: ನೋವೇ ಇಲ್ಲದಿದ್ದರೆ ಸೊನ್ನೆ, ತಡೆಯಲಾರದಷ್ಟಿದ್ದರೆ ಹತ್ತು. ಇನ್ನೊಂದು ಹಾಳೆ: ಹತ್ತು ಪ್ರಶ್ನೆಗಳು, ಎಷ್ಟು ದೂರ ನಡೆಯುತ್ತೀರಿ, ಎಷ್ಟು ಭಾರ ಎತ್ತುತ್ತೀರಿ, ಕುರ್ಚಿಯಲ್ಲಿ ಎಷ್ಟು ಹೊತ್ತು ಕೂರುತ್ತೀರಿ. ಇವೆರಡರಲ್ಲಿ ಯಾವುದು ರೋಗಿಯ ನಿಜವನ್ನು ಸರಿಯಾಗಿ ಹೇಳುತ್ತದೆ ಎಂದು ಹೋಲಿಸುವುದೇ ಡಾಕ್ಟರ ಸಂಶೋಧನೆ. ಇಂಗ್ಲಿಷಿನ ಹಾಳೆಯನ್ನು ಅವಳು ಫೋನು ಹಿಡಿದುಕೊಂಡೇ ಕನ್ನಡಕ್ಕೂ ತುಳುವಿಗೂ ಮಲಯಾಳಕ್ಕೂ ಬ್ಯಾರಿಗೂ ಬಾಗಿಸುತ್ತಿದ್ದಳು. ಹಾಳೆಯಲ್ಲಿ ನೋವಿಗೆ ಒಂದೇ ಪದವಿದ್ದರೆ ಅವಳ ಹತ್ತಿರ ಸೆಳೆತ, ಚಳುಕು, ಮಿಡಿತ, ಇರುವೆ ಹರಿದಂಥದ್ದು, ಹಸಿ ಮೆಣಸು ತಾಗಿದಂಥದ್ದು ಎಲ್ಲ ಇದ್ದವು. ಕೆಲವರು ಹತ್ತು ಎಂದರೆ ಪರೀಕ್ಷೆಯ ಮಾರ್ಕು ಎಂದುಕೊಂಡು, ‘ಹತ್ತಕ್ಕೆ ಹತ್ತು ಕೊಡಿ ಡಾಕ್ಟ್ರಿಗೆ, ಒಂದೂ ಕಡಿಮೆ ಮಾಡಬೇಡಿ’ ಎನ್ನುತ್ತಿದ್ದರು. ಅಂಥ ಹನ್ನೊಂದು ಹತ್ತುಗಳನ್ನು ಅವಳೇ ಹಿಡಿದು, ಮತ್ತೆ ಕೇಳಿ, ಸರಿಪಡಿಸಿದ್ದಳು. ಅದನ್ನು ನೋಡಿ ನಿಯಾಸ್, ‘ಅಕ್ಕ, ನೀವಿಲ್ಲದಿದ್ದರೆ ನಮ್ಮ ಡಾಕ್ಟ್ರು ಹನ್ನೊಂದು ಜನರನ್ನು ಕೊಂದ ಹಾಗೆ ಇರ್ತಿತ್ತು’ ಎಂದಿದ್ದ. ಆ ಮಾತನ್ನು ಅವಳು ಮನೆಗೆ ಒಯ್ದು, ಯಾರಿಗೂ ಹೇಳದೆ, ಒಂದು ವಾರ ಇಟ್ಟುಕೊಂಡಿದ್ದಳು.

ಇವತ್ತು ಮೂರು ಗಂಟೆಗೆ ಎಲ್ಲ ಅಂಕಿಗಳನ್ನೂ ಮುಚ್ಚುತ್ತಾರೆ. ಮುಚ್ಚಿದ ಮೇಲೆ ಯಾರೂ ಯಾವುದನ್ನೂ ತಿದ್ದುವ ಹಾಗಿಲ್ಲ. ಅವಳು ತಿಳಿದುಕೊಂಡಂತೆ ಫಲ ಆಗಲೇ ಕಾಣುತ್ತಿತ್ತು. ನಂಬರು ಎಂಟರಿಂದ ಸುಮಾರು ಎರಡಕ್ಕೆ ಇಳಿದಿತ್ತು. ಹಾಳೆಯ ಲೆಕ್ಕದಲ್ಲಿ ಮಾತ್ರ ಗುಣ ಅರ್ಧದಾರಿಯಲ್ಲಿ ನಿಂತಿತ್ತು. ಹಾಳೆ ಈ ಊರಿನವರಿಗೆ ಹೊಂದುವುದಿಲ್ಲ, ನಂಬರೇ ಸಾಕು, ಎಂದು ಡಾಕ್ಟರು ಬರೆದಾಗಿತ್ತು. ಬಾಕಿ ಇದ್ದದ್ದು ಒಬ್ಬರೇ, ಬೋವಿಕಾನದ ಹವ್ವಮ್ಮ. ಆರು ಸಲ ಫೋನು ಮಾಡಿದರೂ ಎತ್ತಿರಲಿಲ್ಲ. ಏಳನೆಯ ಸಲ ಸೊಸೆ ಎತ್ತಿ, ‘ಉಮ್ಮ ಫೋನಲ್ಲಿ ಮಾತಾಡುವುದಿಲ್ಲ, ಕರಕೊಂಡು ಬರ್ತೇನೆ’ ಎಂದಿದ್ದಳು.

ಅವಳ ಕೋಣೆ ಮೊದಲು ಬೆಡ್‌ಶೀಟ್ ಇಡುವ ಉಗ್ರಾಣವಾಗಿತ್ತು. ಕಿಟಕಿಯಿಂದ ಹೆದ್ದಾರಿಯ ಮೇಲ್ಸೇತುವೆಯ ಕಂಬ ಕಾಣುತ್ತಿತ್ತು. ಹನ್ನೊಂದು ಗಂಟೆಗೆ ಹವ್ವಮ್ಮ ಬಂದರು. ಅರುವತ್ತರ ಹೆಂಗಸು, ಬಿಳಿಯ ಶಾಲು, ಕೈಯಲ್ಲಿ ಡಾಕ್ಟರಿಗೆಂದು ಅಕ್ಕಿಹಿಟ್ಟಿನಲ್ಲಿ ತಟ್ಟಿ ತಂದ ಪತ್ತಿರಿಯ ಡಬ್ಬಿ. ಸೊಸೆ ರಂಶೀನಾ ಬಾಗಿಲಲ್ಲಿ ನಿಂತಳು. ದಮಯಂತಿ ಎದ್ದು ಕುರ್ಚಿ ಎಳೆದುಕೊಟ್ಟಳು. ಒಂದು ವರ್ಷದಿಂದ ಕಿವಿಯಲ್ಲಿ ಮಾತ್ರ ಬರುತ್ತಿದ್ದ ರೋಗಿಗಳಲ್ಲಿ ಒಬ್ಬರು ಈಗ ಮುಖ ಹೊತ್ತು ಎದುರು ಕೂತಿರುವುದು ಅವಳಿಗೆ ಯಾಕೋ ಮುಜುಗರ ತಂದಿತ್ತು. ಹವ್ವಮ್ಮ ಮಾತ್ರ ಮನೆಗೆ ಬಂದ ಹಾಗೆ ಕೂತು, ಶಾಲು ಸರಿಸಿ, ಮಗಳನ್ನು ಕರೆಯುವ ಹಾಗೆ, ‘ಗಾಯ ನೋಡ್ತೀಯಾ ಮೋಳೆ? ಒಂದು ನಾಣ್ಯದಷ್ಟು ಇಲ್ಲ. ನಮ್ಮ ನೆಂಟರೆಲ್ಲ ಬಂದು ನೋಡಿ ಹೋಗಿದ್ದಾರೆ’ ಎಂದರು.

‘ಬೇಡ ಉಮ್ಮ, ಪ್ರಶ್ನೆ ಮಾತ್ರ ಕೇಳುವುದು ನಾನು’ ಎಂದು ದಮಯಂತಿ ಹಾಳೆ ತೆಗೆದಳು. ನಡೆಯುವುದು, ಎತ್ತುವುದು, ನಿಲ್ಲುವುದು. ‘ಕುರ್ಚಿಯಲ್ಲಿ ಎಷ್ಟು ಹೊತ್ತು ಕೂರಬಹುದು?’

‘ಎಷ್ಟು ಬೇಕಾದರೂ. ಅದೇ ಅಲ್ಲವಾ ಕಷ್ಟ.’

ದಮಯಂತಿ ಪೆನ್ನು ಎತ್ತಿದಳು. ಎಷ್ಟು ಬೇಕಾದರೂ ಎಂದರೆ ಆ ಪ್ರಶ್ನೆಗೆ ಸೊನ್ನೆ, ಅಂದರೆ ತೊಂದರೆಯೇ ಇಲ್ಲ. ‘ಕಷ್ಟ ಯಾಕೆ ಮತ್ತೆ?’

‘ನಮಾಜಿಗೆ ನೆಲಕ್ಕೆ ಹಣೆ ಇಡಲಿಕ್ಕೆ ಆಗುವುದಿಲ್ಲ. ಕುರ್ಚಿ ಹಾಕಿ ಕೂತು ಮಾಡುವುದು. ನನ್ನ ಗಂಡನ ಅಕ್ಕ ಉಂಟು, ಎಪ್ಪತ್ತನಾಲ್ಕು ವರ್ಷ ಅವರಿಗೆ, ಅವರು ಚಾಪೆಯಲ್ಲಿ ಬಗ್ಗಿ ಏಳ್ತಾರೆ. ರಂಜಾನ್ ನೋಂಬಿನ ತಿಂಗಳಲ್ಲಿ ಮನೆಯ ಹೆಂಗಸರೆಲ್ಲ ಸಾಲಾಗಿ ನಿಂತರೆ ನಾನು ಹಿಂದೆ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ, ಅಂಗಡಿಯ ಮಾಲಕನ ಹಾಗೆ. ಅಲ್ಲಾಹನ ಎದುರು ಕುರ್ಚಿ ಹಾಕಿ ಕೂತವಳು ನಾನು.’ ಹವ್ವಮ್ಮ ನಕ್ಕರು. ರಂಶೀನಾ, ‘ಉಮ್ಮ, ಕಾಯಿಲೆಯವರಿಗೆ ಅದು ಆಗ್ತದೆ ಅಂತ ಉಸ್ತಾದರು ಹೇಳಿದ್ದಾರಲ್ಲ’ ಎಂದಳು. ‘ಆಗ್ತದೆ ಅಂತ ನನಗೂ ಗೊತ್ತುಂಟು. ನನ್ನ ಹಣೆಗೆ ಗೊತ್ತಾಗಬೇಡವಾ?’

ಎಂಟನೆಯದು ಗಂಡಹೆಂಡಿರ ವಿಷಯ. ದಮಯಂತಿ ಅದನ್ನು ಫೋನಿನಲ್ಲಿ ಕೇಳುವಾಗಲೆಲ್ಲ ಗೋಡೆಯ ಕಡೆ ತಿರುಗುತ್ತಿದ್ದಳು. ಈಗ ತಿರುಗಲಾಗದೆ, ‘ಇದೊಂದು ಬಿಡುವ’ ಎಂದಳು. ಎಂತದು ಎಂದು ಹವ್ವಮ್ಮ ಹಟ ಹಿಡಿದಾಗ ಮೆಲ್ಲನೆ ಹೇಳಿದಳು. ‘ನಮ್ಮವರು ಹೋಗಿ ಒಂಬತ್ತು ವರ್ಷ. ಆಪರೇಷನ್ ಆಯಿತು ಅಂತ ಬರ್ತಾರಾ?’ ಎಂದು ಹವ್ವಮ್ಮ ಗಟ್ಟಿಯಾಗಿ ಕೇಳಿದಾಗ ಬಾಗಿಲಲ್ಲಿದ್ದ ರಂಶೀನಾ ಶಾಲು ಬಾಯಿಗೆ ಒತ್ತಿಕೊಂಡು ಹೊರಗೆ ಹೋದಳು.

ಕೊನೆಗೆ ನಂಬರು. ‘ಈಗ ನೋವು ಹೇಗುಂಟು ಉಮ್ಮ, ಸೊನ್ನೆಯಿಂದ ಹತ್ತರವರೆಗೆ?’

‘ಸಾರ ಇಲ್ಲ ಮೋಳೆ.’

ದಮಯಂತಿಯ ಕೈ ತಾನಾಗಿ ಹೋಗಿ ನೋಟುಪುಸ್ತಕದಲ್ಲಿ ಒಂದು ಎಂದು ಬರೆಯಿತು. ಬರೆದ ಅಂಕಿಯ ಪಕ್ಕದಲ್ಲಿ ಸಣ್ಣ ಚುಕ್ಕೆ ಇಟ್ಟಿತು. ಹವ್ವಮ್ಮ ಏಳಲು ಹೊರಟರು. ಬಲಗೈ ಮೇಜಿನ ಅಂಚು ಹಿಡಿಯಿತು, ಎಡಗೈ ತೊಡೆಯನ್ನು ಒತ್ತಿತು, ಹೊಟ್ಟೆ ಮುಂದೆ ಬಂತು, ಸೊಂಟ ಬರಲಿಲ್ಲ. ಅರೆ ಎದ್ದಲ್ಲಿ ನಿಂತರು. ಕೆಳತುಟಿ ಒಳಗೆ ಹೋಗಿ ಹಲ್ಲಿನಡಿ ಸಿಕ್ಕಿಕೊಂಡಿತು. ಕಣ್ಣು ಮಾತ್ರ ನಗುತ್ತಲೇ ಇತ್ತು, ದಮಯಂತಿಗೋಸ್ಕರ. ಅವಳು ಕೈಕೊಡಲು ಬಂದಾಗ, ‘ಬೇಡ ಬೇಡ, ಸಾರ ಇಲ್ಲ’ ಎಂದರು. ಆಮೇಲೆ ಪೂರ್ತಿ ಎದ್ದು, ಶಾಲು ಸರಿಪಡಿಸಿ, ಡಬ್ಬಿ ಮೇಜಿನ ಮೇಲೆ ಇಟ್ಟು, ಡಾಕ್ಟರಿಗೆ ಸಲಾಂ ಹೇಳು ಎಂದು ಹೊರಟರು. ಅವರು ಹೋದ ಮೇಲೂ ಮೇಜಿನ ಅಂಚಿನಲ್ಲಿ ಬೆವರಿದ ಕೈಯ ಗುರುತೊಂದು ಉಳಿದಿತ್ತು. ಅದು ಬೆರಳುಬೆರಳಾಗಿ ಆರಿಹೋಗುವುದನ್ನು ದಮಯಂತಿ ನೋಡುತ್ತ ನಿಂತಳು.

ಒಂದು ಎಂದು ಯಾರು ಹೇಳಿದರು? ಯಾರೂ ಹೇಳಿರಲಿಲ್ಲ. ಎಂಟು ವರ್ಷದ ಹಿಂದೆ ಅವಳು ಇದೇ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಅಟೆಂಡರ್. ಡಾಕ್ಟರ್ ಹರಿನಾರಾಯಣ ಮೈಸೂರಿನ ಕಡೆಯಿಂದ ಆಗಷ್ಟೇ ಬಂದವರು. ಹೇಗಿದೆ ಎಂದು ಅವರು ಕೇಳಿದರೆ ಹತ್ತರಲ್ಲಿ ಆರು ಜನ ಸಾರ ಇಲ್ಲ ಎನ್ನುತ್ತಿದ್ದರು. ಮೈಯಲ್ಲಿ ಸಾರವಿಲ್ಲ, ನಿಶ್ಶಕ್ತಿ, ಎಂದು ತಿಳಿದು ಅವರು ಟಾನಿಕ್ ಬರೆಯುತ್ತಿದ್ದರು. ಮೂರು ವಾರ ಕಾಸರಗೋಡಿನ ಬೆನ್ನುನೋವಿನವರೆಲ್ಲ ಕೆಂಪು ಬಾಟಲಿ ಹಿಡಿದು ಮನೆಗೆ ಹೋದರು. ಆಗ ಅವಳೇ ಧೈರ್ಯ ಮಾಡಿ, ಬಕೆಟ್ಟು ಕೆಳಗಿಟ್ಟು, ‘ಡಾಕ್ಟ್ರೇ, ಸಾರ ಇಲ್ಲ ಅಂದರೆ ನಮ್ಮಲ್ಲಿ ಅಡ್ಡಿ ಇಲ್ಲ ಅಂತ. ಚಿಂತೆ ಇಲ್ಲ, ಬಿಡಿ ಅಂತ’ ಎಂದಿದ್ದಳು. ಅವರು ಮೊದಲು ಪೆಚ್ಚಾಗಿ, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. ಸಂಶೋಧನೆ ಶುರುವಾದಾಗ ಅವಳನ್ನು ಬಕೆಟ್ಟಿನಿಂದ ಬಿಡಿಸಿ ಫೋನಿನ ಮುಂದೆ ಕೂರಿಸಿದ್ದೂ ಆ ನೆನಪಿನಿಂದಲೇ. ಆ ಒಂದು ಪದದ ಅರ್ಥ ಹೇಳಿ ಅವಳು ಇಷ್ಟು ದೂರ ಬಂದಿದ್ದಳು. ಫೋನು ಮಾಡತೊಡಗಿದ ಎರಡನೆಯ ವಾರ, ನಂಬರು ಕೇಳಿದರೆ ನಂಬರು ಹೇಳದೆ ಸಾರ ಇಲ್ಲ ಎನ್ನುವವರು ಹೆಚ್ಚಾದಾಗ, ಅಡ್ಡಿ ಇಲ್ಲ ಎಂದರೆ ಒಂದಿರಬಹುದು ಎಂದು ಅವಳೇ ತೀರ್ಮಾನಿಸಿದ್ದಳು. ಯಾರನ್ನೂ ಕೇಳಲಿಲ್ಲ. ಕೇಳಿದರೆ, ಇಷ್ಟೂ ಗೊತ್ತಾಗುವುದಿಲ್ಲವಾ ಎಂದಾರು ಎಂಬ ಅಂಜಿಕೆ. ತನ್ನಷ್ಟು ಆ ಪದ ಬಲ್ಲವರು ಇಲ್ಲಿ ಯಾರಿದ್ದಾರೆ ಎಂಬ ಜಂಬವೂ ಇತ್ತೇ? ಇತ್ತು. ಆದರೂ ರೋಗಿಯ ಬಾಯಿಂದ ಬರದ ಅಂಕಿ ಬರೆದಾಗಲೆಲ್ಲ ಕೈ ಒಂದು ಚುಕ್ಕೆ ಇಡುತ್ತಿತ್ತು. ಯಾಕೆ ಎಂದು ಅವಳಿಗೆ ಗೊತ್ತಿರಲಿಲ್ಲ. ಸಂಜೆ ಕ್ಲಾಸಿನ ಲೆಕ್ಕದ ಟೀಚರು ಊಹಿಸಿ ಬರೆದ ಉತ್ತರಕ್ಕೆ ಗುರುತು ಹಾಕಿ ಎನ್ನುತ್ತಿದ್ದರು, ಅದರಿಂದ ಇರಬಹುದು.

ಅವಳು ಊಟಕ್ಕೆ ಹೋಗಲಿಲ್ಲ. ಐದು ನೋಟುಪುಸ್ತಕಗಳನ್ನು ತೆಗೆದು ಚುಕ್ಕೆ ಎಣಿಸಿದಳು. ಮೂವತ್ತೊಂಬತ್ತು. ತಪ್ಪಿರಬಹುದೆಂದು ಮತ್ತೆ ಎಣಿಸಿದಳು. ನಲವತ್ತಮೂರು. ಮೂರನೆಯ ಸಲ ಪ್ರತಿ ಚುಕ್ಕೆಯ ಮೇಲೂ ಬೆರಳಿಟ್ಟು ಎಣಿಸಿದಳು. ನಲವತ್ತಮೂರೇ. ಒಳ್ಳೆಯ ಸಂಗತಿಯೆಂದರೆ ಪ್ರತಿಯೊಬ್ಬರೂ ಹೇಳಿದ ಮಾತನ್ನು ಅವಳು ಹೇಳಿದ ಹಾಗೇ ಬರೆದುಕೊಂಡಿದ್ದಳು. ಕೆಟ್ಟ ಸಂಗತಿಯೂ ಅದೇ. ಯಾರೂ ಈ ಪುಸ್ತಕಗಳನ್ನು ತೆರೆಯುವುದಿಲ್ಲ. ಮೂರು ಗಂಟೆಗೆ ಮುಚ್ಚಿಬಿಟ್ಟರೆ ನಲವತ್ತಮೂರು ಒಂದುಗಳು ಒಂದಾಗಿಯೇ ಉಳಿದು, ಶನಿವಾರ ಗೋಡೆಯಷ್ಟು ದೊಡ್ಡದಾಗಿ, ನಾಲ್ಕನೆಯ ಹೆಸರಿನ ಕೆಳಗೆ ಬೆಳಗುತ್ತವೆ. ಹೇಳಿದರೆ ಹೆಸರು ಹೋಗುತ್ತದೆ. ಹೆಸರು ಮಾತ್ರವೇ? ಈ ಕುರ್ಚಿ, ಈ ಫೋನು. ಬಕೆಟ್ಟು ಎರಡನೆಯ ಮಹಡಿಯಲ್ಲಿ ಅದೇ ಜಾಗದಲ್ಲೇ ಉಂಟು.

ಒಬ್ಬರನ್ನಾದರೂ ಕೇಳಿ ನೋಡೋಣ ಎಂದುಕೊಂಡಳು. ತನ್ನ ಹೆದರಿಕೆ ಸುಳ್ಳಾಗಲಿ ಎಂಬ ಆಸೆಯಿಂದಲೇ ದೇಲಂಪಾಡಿಯ ಚೆನ್ನಪ್ಪನಿಗೆ ಫೋನು ಹಚ್ಚಿದಳು. ರಬ್ಬರು ಟ್ಯಾಪಿಂಗ್ ಮಾಡುವವ. ನಗುವ ಗಂಡಸು. ಎರಡು ತಿಂಗಳ ಹಿಂದೆ ಫೋನಿನಲ್ಲಿ ಅವಳನ್ನೇ ನಗಿಸಿ, ನೋವು ಸಾರ ಇಲ್ಲ ಎಂದಿದ್ದ.

‘ಏನಕ್ಕ, ಮತ್ತೆ ಪರೀಕ್ಷೆಯಾ? ನಾನು ಫೇಲಾ?’

‘ಫೇಲಾದದ್ದು ನಾನು. ಆ ದಿನ ನಾನು ನಿಮಗೆ ಒಂದು ಅಂತ ಬರೆದೆ, ನಂಬರು.’

‘ಒಂದಾ! ನನ್ನ ಹೆಂಡತಿಗೆ ಹೇಳಬೇಡಿ ಮಾರಾಯ್ರೆ, ನಾಳೆಯೇ ನಾನೂರು ಮರಕ್ಕೆ ಕಳಿಸ್ತಾಳೆ.’

‘ಸರಿಯಾಗಿ ಹೇಳಿ ಚೆನ್ನಪ್ಪಣ್ಣ. ಎಷ್ಟು?’

ಆ ಕಡೆ ನಗು ನಿಂತಿತು. ಎಲ್ಲೋ ಒಂದು ಮಿಕ್ಸಿ ತಿರುಗುವ ಸದ್ದು ಬರುತ್ತಿತ್ತು. ಅದೂ ನಿಂತಿತು. ‘ಏಳುವಾಗ ಏಳು. ಕೂತರೆ ಮೂರು. ಮಲಗಿದರೆ ಮಾತ್ರ ನಿಮ್ಮ ಒಂದು.’

‘ಮತ್ತೆ ಆವತ್ತು ಯಾಕೆ ಸಾರ ಇಲ್ಲ ಅಂದದ್ದು?’

‘ಅದು ನಿಮ್ಮ ಮೇಲಿನ ಮರ್ಯಾದೆಗೆ ಅಕ್ಕ. ಅಷ್ಟು ದೂರದಿಂದ ಹೆಸರು ಹಿಡಿದು ಕೇಳುವಾಗ ಇನ್ನೆಂತ ಹೇಳುವುದು? ಮೊದಲು ಎಂಟೂವರೆ ಇತ್ತು, ಕಾಲು ಎಳೀತಿದ್ದೆ. ಈಗ ನಡೀತೇನೆ. ಏಳು ಅಂದರೆ ಡಾಕ್ಟ್ರಿಗೆ ಬೇಜಾರಾಗ್ತದೆ.’

ಫೋನು ಇಟ್ಟ ಮೇಲೆ ಅವಳಿಗೆ ತಾನು ಇದನ್ನು ಮೊದಲೇ ಬಲ್ಲೆ ಎನಿಸಿತು. ನೆಂಟರು ಬಂದಾಗ ಅನ್ನ ತಳ ಹತ್ತಿದ್ದನ್ನು ಯಾರು ಹೇಳುತ್ತಾರೆ? ಅವಳೂ ಹೇಳಿಲ್ಲ. ಬೀಡಿ ಕಟ್ಟುತ್ತಿದ್ದ ಕಾಲದಲ್ಲಿ ಕಟ್ಟು ಸಣ್ಣದಾಯಿತೆಂದು ಬೀಡಿ ಕಂಪೆನಿಯವನು ಎಲ್ಲರೆದುರು ಅವಳ ಬೀಡಿಯ ಮೊರವನ್ನು ಮಗುಚಿದಾಗ ಪಕ್ಕದವಳಿಗೆ ಅವಳು ಹೇಳಿದ್ದು ಸಾರ ಇಲ್ಲ ಎಂದೇ. ತುಲ್ಯತಾ ಸರ್ಟಿಫಿಕೇಟಿನಲ್ಲಿ ಅಪ್ಪನ ಹೆಸರು ತಪ್ಪಾಗಿ ಬಂದಾಗಲೂ ಅದೇ. ಇದೇ ಆಸ್ಪತ್ರೆಯಲ್ಲಿ, ಅಟೆಂಡರ್ ಆಗಿದ್ದ ಕಾಲದ ಒಂದು ದಿನ, ಅವಳು ಬೆಳಗಿನ ಐದು ಗಂಟೆಯಿಂದ ನಿಂತೇ ಇದ್ದು, ಹನ್ನೆರಡಕ್ಕೆ ಡಾಕ್ಟರ ಕೋಣೆಯ ಸ್ಟೂಲಿನ ಮೇಲೆ ಒಂದು ಕ್ಷಣ ಕೂತಿದ್ದಳು. ರೋಗಿಯೊಬ್ಬರು ಮನೆಮಂದಿಯನ್ನೆಲ್ಲ ಕರೆದುಕೊಂಡು ಒಳಗೆ ಬಂದರು. ಡಾಕ್ಟರ್ ಹರಿನಾರಾಯಣ ಕಾಗದದಿಂದ ತಲೆಯೆತ್ತದೆ, ‘ಏಳು, ಏಳು’ ಎಂದರು. ಅಷ್ಟೆ. ಬೈದದ್ದಲ್ಲ. ಕೋಳಿಯನ್ನು ಅಟ್ಟುವ ಹಾಗೆ ಬೆರಳೆರಡು ಆಡಿದವು. ಅವಳು ಎದ್ದಾಗ ಸೀರೆಯ ಅಂಚು ಸ್ಟೂಲಿನ ಮೊಳೆಗೆ ಸಿಕ್ಕಿ ಹರಿಯಿತು. ಬಂದವರಲ್ಲಿ ಒಬ್ಬ ಹುಡುಗಿ ನಕ್ಕಳು, ಒಬ್ಬ ಮುದುಕಿ ‘ಅಯ್ಯೋ ಪಾಪ’ ಎಂದಳು. ಅವಳು ಮುದುಕಿಯ ಕಡೆ ತಿರುಗಿ ಸಾರ ಇಲ್ಲ ಎಂದಳು. ಅದು ಎಷ್ಟಾಗಿತ್ತು? ಖಾಲಿ ಹಾಳೆಯ ಮುಂದೆ ಪೆನ್ನು ಹಿಡಿದು, ಯಾರೋ ಫೋನಿನಲ್ಲಿ ತನ್ನನ್ನು ಕೇಳುತ್ತಿರುವ ಹಾಗೆ, ಅವಳು ಪ್ರಾಮಾಣಿಕವಾಗಿ ಯೋಚಿಸಿದಳು. ಆ ದಿನ ಎಂಟು. ರಾತ್ರಿ ಸೀರೆ ಹೊಲಿಯುವಾಗ ಒಂಬತ್ತು. ಈಗ, ಎಂಟು ವರ್ಷ ಕಳೆದು, ತನ್ನದೇ ಕೋಣೆಯಲ್ಲಿ ಕೂತಿರುವಾಗ, ಐದು. ಒಂದಂತೂ ಅಲ್ಲ. ಒಂದು ಯಾವತ್ತೂ ಆಗಿರಲಿಲ್ಲ. ಈ ಪದದ ಅರ್ಥ ಡಾಕ್ಟರಿಗೆ ತಪ್ಪಾಗಿ ತಿಳಿಸಿದವಳು ಅವಳೇ. ಅಡ್ಡಿ ಇಲ್ಲ ಎಂದಲ್ಲ, ಅಡ್ಡಿ ಉಂಟು, ಆದರೆ ಅದನ್ನು ನಿಮ್ಮ ಮೇಲೆ ಹೇರುವುದಿಲ್ಲ ಎಂದು. ಟಾನಿಕ್ ಬರೆಯುತ್ತಿದ್ದ ಡಾಕ್ಟರೇ ಒಂದು ರೀತಿಯಲ್ಲಿ ಹತ್ತಿರವಿದ್ದರೇನೋ. ಆ ಯೋಚನೆಗೆ ಅವಳಿಗೆ ನಗು ಬಂತು. ನಗು ಮುಗಿಯುವ ಮೊದಲೇ ಗಡಿಯಾರ ನೋಡಿದಳು.

ಮೂರು ಗಂಟೆಗೆ ಹತ್ತು ನಿಮಿಷವಿರುವಾಗ ಅವಳು ಐದು ಪುಸ್ತಕಗಳನ್ನು ಎದೆಗೊತ್ತಿಕೊಂಡು ಮೆಟ್ಟಿಲಿಳಿದಳು. ಡಾಕ್ಟರ ಕೋಣೆಯಲ್ಲಿ, ಅವಳು ಆಗ ಕೆಳಗೆ ಕಳಿಸಿಕೊಟ್ಟಿದ್ದ ಪತ್ತಿರಿಯ ಡಬ್ಬಿ ಆಗಲೇ ತೆರೆದಿತ್ತು, ನಿಯಾಸ್ ಬಾಯಿ ತುಂಬಿಕೊಂಡಿದ್ದ. ‘ಬಾ, ಬಾ. ಮುಗಿಯಿತಲ್ಲ ಹವ್ವಮ್ಮನದು? ಏನು ಹೇಳಿದರು?’ ಎಂದು ಡಾಕ್ಟರು ಕೇಳಿದರು. ನರ್ಸುಗಳಿಗೆಲ್ಲ ನೀವು ಎನ್ನುತ್ತಿದ್ದವರು ಅವಳಿಗೆ ಮಾತ್ರ ಬಕೆಟ್ಟಿನ ಕಾಲದ ನೀನು ಎನ್ನುವುದನ್ನು ಬಿಟ್ಟಿರಲಿಲ್ಲ. ಈ ಕೋಣೆಯಲ್ಲಿ ಅವಳು ಯಾವಾಗಲೂ ನಿಂತೇ ಮಾತಾಡುತ್ತಿದ್ದಳು. ಇವತ್ತು ಪುಸ್ತಕಗಳನ್ನು ಮಡಿಲಿಗೆ ಇಳಿಸಿಕೊಂಡು ಎದುರಿನ ಖಾಲಿ ಕುರ್ಚಿಯಲ್ಲಿ ಕೂತಳು. ಕೂತ ಮೇಲೆ, ಕೂತೆನಲ್ಲ ಎಂದು ಹೆದರಿದಳು.

‘ಮುಚ್ಚಬೇಡಿ ಡಾಕ್ಟ್ರೇ’ ಎಂದಳು. ಮುಂದಿನದನ್ನು ಸಾಲಾಗಿ ಹೇಳಬೇಕೆಂದು ಮೆಟ್ಟಿಲ ಮೇಲೆ ಹೊಂದಿಸಿಕೊಂಡದ್ದೆಲ್ಲ ಬಿದ್ದುಹೋಯಿತು. ‘ನಲವತ್ತಮೂರು ಜನ ನಂಬರು ಹೇಳಲೇ ಇಲ್ಲ. ಸಾರ ಇಲ್ಲ ಅಂದದ್ದು. ಒಂದು ಅಂತ ಬರೆದದ್ದು ನಾನು.’

ನಿಯಾಸ್ ಅಗಿಯುವುದನ್ನು ನಿಲ್ಲಿಸಿದ. ‘ಅಕ್ಕ, ಇದು ಈಗ ಹೇಳುವುದಾ?’

‘ಈಗ ಗೊತ್ತಾದದ್ದು.’

‘ಒಂದು ಅಂತ ಬರಿ ಅಂತ ಯಾರು ಹೇಳಿದರು ನಿನಗೆ?’ ಡಾಕ್ಟರ ಧ್ವನಿ ಏರಲಿಲ್ಲ. ಏರಿದ್ದರೆ ಒಳ್ಳೆಯದಿತ್ತು.

‘ಯಾರೂ ಇಲ್ಲ. ನನಗೆ ಆ ಪದ ಗೊತ್ತುಂಟು ಅಂತ ಎಣಿಸಿದ್ದೆ.’ ಅವಳು ಪುಸ್ತಕ ತೆರೆದು ಮೇಜಿನ ಮೇಲಿಟ್ಟು ತಿರುಗಿಸಿದಳು. ‘ಇಲ್ಲಿ ಚುಕ್ಕೆ ಇರುವುದೆಲ್ಲ ನನ್ನದು. ಚುಕ್ಕೆ ಇಲ್ಲದ್ದು ಅವರದು. ಅವರು ಹೇಳಿದ ಮಾತು ಪಕ್ಕದಲ್ಲಿ ಉಂಟು. ಒಬ್ಬರಿಗೆ ಈಗ ಫೋನು ಮಾಡಿದೆ. ಒಂದು ಅಲ್ಲ, ಏಳುವಾಗ ಏಳು ಅಂದರು. ಉಳಿದವರನ್ನೂ ಮತ್ತೆ ಕೇಳಬೇಕು. ಹಾಗೆ ಕೇಳುವುದು ಸರಿಯಾ ಅಂತ ನೀವು ಹೇಳಬೇಕು. ನನ್ನ ಹೆಸರು ತೆಗೀರಿ ಅದರಿಂದ.’

ಡಾಕ್ಟರು ಪುಸ್ತಕವನ್ನು ಹತ್ತಿರ ಎಳೆದುಕೊಂಡರು. ಪುಟ ಮಗುಚಿದರು. ಇನ್ನೊಂದು. ಅವಳ ದುಂಡಗಿನ ಅಕ್ಷರದಲ್ಲಿ ನೂರಾರು ಸೊಂಟಗಳು ನಾಲ್ಕು ಭಾಷೆಗಳಲ್ಲಿ ಮಾತಾಡುತ್ತಿದ್ದವು. ಒಂದು ಕಡೆ ಬೆರಳಿಟ್ಟು ಓದಿದರು. ಅವರ ಕಿವಿಯ ತುದಿ ಕೆಂಪಾಗುವುದನ್ನು ಅವಳು ನೋಡಿದಳು. ಇಂಥ ಬೆರಳುಗಳು, ಹೆಬ್ಬೆರಳ ಅಗಲದ ತೂತಿನೊಳಗೆ ಕೂದಲಿನಂಥ ನರವನ್ನು ಹರಿಯದೆ ಸರಿಸಿದ ಬೆರಳುಗಳು, ಈಗ ಕಾಗದದ ಮೇಲೆ ಎಲ್ಲಿಗೆ ಹೋಗುವುದೆಂದು ತಿಳಿಯದೆ ನಿಂತಿದ್ದವು.

‘ಹಾಗಾದರೆ ಹಾಳೆಯೇ ಸರಿ ಹೇಳಿದ್ದು ಸರ್’ ಎಂದ ನಿಯಾಸ್, ಮೆಲ್ಲನೆ. ‘ಅದು ಅರ್ಧದಲ್ಲಿ ನಿಂತದ್ದು ಯಾಕೆ ಅಂತ ಈಗ ಗೊತ್ತಾಗ್ತದೆ. ತಪ್ಪಿದ್ದು ನಂಬರು.’

‘ಹಾಳೆಯೂ ಪೂರ್ತಿ ಅಲ್ಲ’ ಎಂದಳು ದಮಯಂತಿ. ತಾನು ಯಾಕೆ ಬಾಯಿ ಮುಚ್ಚುತ್ತಿಲ್ಲವೆಂದು ಅವಳಿಗೇ ಆಶ್ಚರ್ಯ. ‘ಕುರ್ಚಿಯಲ್ಲಿ ಎಷ್ಟು ಹೊತ್ತು ಕೂರ್ತೀರಿ ಅಂತ ಅದು ಕೇಳ್ತದೆ. ಹವ್ವಮ್ಮ ಎಷ್ಟು ಬೇಕಾದರೂ ಕೂರ್ತಾರೆ. ಅದಕ್ಕೆ ಸೊನ್ನೆ. ನೆಲಕ್ಕೆ ಹಣೆ ಇಡಲಿಕ್ಕೆ ಆಗದೆ ಅವರು ಆ ಕುರ್ಚಿಯಲ್ಲಿ ಕೂರುವುದು. ಕುರ್ಚಿ ಅವರಿಗೆ ಗುಣ ಅಲ್ಲ ಡಾಕ್ಟ್ರೇ, ಅದೇ ಕಾಯಿಲೆ. ಆ ಪ್ರಶ್ನೆ ಎರಡರಲ್ಲೂ ಇಲ್ಲ.’

 ಹೇಳಿದ ಮೇಲೆ ಅವಳಿಗೆ ಹೆದರಿಕೆಯಾಯಿತು. ಆದರೆ ಹೆದರಿಕೆಯ ಅಡಿಯಲ್ಲಿ, ಎಲ್ಲಕ್ಕಿಂತ ಕೆಳಗೆ, ಗಟ್ಟಿಯಾದದ್ದೇನೋ ಕಾಲಿಗೆ ತಾಗುತ್ತಿತ್ತು. ನಿನ್ನೆ ಪರದೆಯ ಮೇಲೆ ಹೆಸರು ನೋಡಿದಾಗ ಎದೆ ಉಬ್ಬಿತ್ತು, ಆದರೆ ಅದು ಯಾರೋ ಕೊಟ್ಟದ್ದು, ಯಾರಾದರೂ ಕಿತ್ತುಕೊಳ್ಳಬಹುದಾದದ್ದು. ಈಗ ಅನ್ನಿಸುತ್ತಿರುವುದು ಬೇರೆ. ಈ ಪುಸ್ತಕಗಳು ತನ್ನವು. ಈ ನಲವತ್ತಮೂರು ತಪ್ಪುಗಳನ್ನು ಹಿಡಿದದ್ದು ತಾನು. ಕೊಚ್ಚಿಯ ಮುನ್ನೂರು ಡಾಕ್ಟರುಗಳಲ್ಲಿ ಒಬ್ಬರಿಗೂ ಇದು ಸಿಗುತ್ತಿರಲಿಲ್ಲ. ಇಂಥದ್ದನ್ನು ಯೋಚಿಸಬಾರದು ಎಂದು ತನ್ನನ್ನೇ ಗದರಿಕೊಂಡಳು. ಆ ಗಟ್ಟಿಯಾದದ್ದು ಗದರಿಕೆಗೆ ಅಲುಗಲಿಲ್ಲ.

ಡಾಕ್ಟರು ಲ್ಯಾಪ್‌ಟಾಪನ್ನು ಮುಚ್ಚಿದರು. ಅಂಕಿಗಳನ್ನಲ್ಲ, ಬರಿಯ ಲ್ಯಾಪ್‌ಟಾಪನ್ನು. ‘ಶನಿವಾರ ಕೊಚ್ಚಿ ಇಲ್ಲ ಹಾಗಾದರೆ’ ಎಂದು ನಿಯಾಸ್‌ಗೆ ಹೇಳಿದರು. ‘ಅವರಿಗೆ ಬರೆದುಬಿಡು. ನಲವತ್ತಮೂರು ಜನರನ್ನೂ ಕರೆಸೋಣ, ಫೋನು ಬೇಡ. ಎದುರು ಕೂರಿಸಿ ಕೇಳೋಣ.’ ಎರಡು ವರ್ಷದ ಕೆಲಸ, ಮೈಸೂರಿನಿಂದ ಅವರ ಹಳೆಯ ಗುರುಗಳೂ ಕೇಳಲು ಬರುವವರಿದ್ದರು ಎಂದು ನರ್ಸುಗಳ ಬಾಯಲ್ಲಿ ಅವಳು ಕೇಳಿದ್ದಳು. ಅವರು ಕನ್ನಡಕ ತೆಗೆದು ಮೂಗಿನ ಮೇಲಿನ ಗುರುತನ್ನು ಉಜ್ಜಿದರು. ಅವಳ ಕಡೆ ನೋಡಿ, ಮುಖದಲ್ಲಿ ಒಂದು ನಗು ತಂದುಕೊಂಡು, ಎಂಟು ವರ್ಷದ ಹಿಂದೆ ಅವಳಿಂದಲೇ ಕಲಿತ ಮಾತನ್ನು ಹೇಳಿದರು.

‘ಸಾರ ಇಲ್ಲ.’

ಅವರ ಕೆಳತುಟಿ ಒಳಗೆ ಹೋಗಿತ್ತು.

‘ಎಷ್ಟು ಡಾಕ್ಟ್ರೇ?’ ಎಂದು ದಮಯಂತಿ ಕೇಳಿದಳು. ಕೇಳಿದ್ದು ತಾನೇ ಎಂದು ಕೇಳಿದ ಮೇಲೆ ತಿಳಿಯಿತು. ಅದು ಅವಳ ಫೋನಿನ ಧ್ವನಿ, ನೂರ ಅರುವತ್ತೆರಡು ಜನರನ್ನು ಕೇಳಿದ ಧ್ವನಿ, ಅವಸರವಿಲ್ಲದ್ದು. ‘ಸೊನ್ನೆಯಿಂದ ಹತ್ತರೊಳಗೆ?’

ನಿಯಾಸ್ ಡಬ್ಬಿಯ ಮುಚ್ಚಳವನ್ನು ನೋಡತೊಡಗಿದ. ಡಾಕ್ಟರ ನಗು ಸ್ವಲ್ಪ ಹೊತ್ತು ಮುಖದ ಮೇಲೆ ಒಬ್ಬಂಟಿಯಾಗಿ ನಿಂತು, ಆಮೇಲೆ ಹೋಯಿತು.

‘ಏಳು’ ಎಂದರು.

ಅವಳ ಮೈ ಅವಳಿಗಿಂತ ಮೊದಲು ಕೇಳಿಸಿಕೊಂಡಿತು. ಮಡಿಲಿನ ಪುಸ್ತಕಗಳು ಜಾರಿದವು, ಕೈ ಮೇಜಿನ ಅಂಚು ಹಿಡಿಯಿತು, ಅರ್ಧ ಎದ್ದಿದ್ದಳು, ಸೀರೆಯ ಅಂಚನ್ನು ಬೆರಳು ಆಗಲೇ ಹುಡುಕುತ್ತಿತ್ತು.

‘ಅರೆ, ಎಲ್ಲಿಗೆ ಎದ್ದೆ? ಕೂತ್ಕೋ’ ಎಂದರು ಡಾಕ್ಟರು. ‘ನೀನು ಕೇಳಿದೆಯಲ್ಲ, ಅದಕ್ಕೆ ಹೇಳಿದ್ದು. ಏಳು. ಏಳಿರಬಹುದು.’

ಅವಳು ಅರ್ಧ ಎದ್ದಲ್ಲೇ ಒಂದು ಕ್ಷಣ ನಿಂತಳು. ಆಮೇಲೆ ಮೆಲ್ಲನೆ, ಬೆನ್ನು ನೇರವಿಟ್ಟು, ಕುರ್ಚಿಯ ಪೂರ್ತಿ ಒಳಕ್ಕೆ ಕೂತಳು. ನೆಲದಿಂದ ಒಂದು ಪುಸ್ತಕ ಎತ್ತಿ, ಖಾಲಿ ಸಾಲು ಹುಡುಕಿ, ತಾರೀಕು ಹಾಕಿ, ಸಾರ ಇಲ್ಲ ಎಂದು ಬರೆದಳು. ಅದರ ಮುಂದೆ ಏಳು ಎಂದು ಬರೆದಳು. ಪಕ್ಕದಲ್ಲಿ ಚುಕ್ಕೆ ಇಡಲಿಲ್ಲ.